ಸಾವಿರ ಹುಡುಗಿಯರಲ್ಲಿ ಎಷ್ಟು ಹೆರಿಗೆ? ಹದಿಹರೆಯದ ಜನನ ದರ ಎಂಬ ಲೆಕ್ಕದ ಒಳಗುಟ್ಟು

ಮದ್ದೂರು ತಾಲ್ಲೂಕಿನ ಒಂದು ಊರಿನಲ್ಲಿ ಮಕ್ಕಳ ಗ್ರಾಮ ಸಭೆಗೆ ಹೋಗಿದ್ದೆ. ಪಂಚಾಯಿತಿ ಗೋಡೆಯ ಮೇಲೆ ಹದಿನೇಳು ಬಣ್ಣದ ಚೌಕಗಳನ್ನು ಬರೆಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸುಸ್ಥಿರ ಅಭಿವೃದ್ಧಿ ಗುರಿಗಳು – 2030’ ಎಂದಿತ್ತು. ಪಕ್ಕದಲ್ಲಿ ಅಂಟಿಸಿದ್ದ ಹಾಳೆಯಲ್ಲಿ ‘ಹದಿಹರೆಯದ ಜನನ ದರ’ ಅಂತ ಒಂದು ಸಾಲು. ನನ್ನ ಪಕ್ಕ ಕೂತಿದ್ದ ತಾಯಿಯೊಬ್ಬರು ಅದನ್ನು ಅಕ್ಷರ ಕೂಡಿಸಿ ಓದಿ, ಮೆಲ್ಲಗೆ ಕೇಳಿದರು: “ಇದೇನಕ್ಕ, ಹುಡ್ಗೀರ್ ಹೆರಿಗೆ ಲೆಕ್ಕ ಇಲ್ಯಾಕೆ ಹಾಕವ್ರೆ?”

ನಾನು ಎರಡು ಮಾತು ಹೇಳುವಷ್ಟರಲ್ಲಿ ಸಭೆ ಶುರುವಾಯಿತು. ಅವರ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಈಗ ಪಂಚಾಯಿತಿ ಯೋಜನೆಗಳಲ್ಲೂ ಈ ಗುರಿಗಳ ಮಾತು ಬರುತ್ತಿದೆ. ‘ಆರೋಗ್ಯಕರ ಗ್ರಾಮ’, ‘ಮಕ್ಕಳ ಸ್ನೇಹಿ ಗ್ರಾಮ’, ‘ಮಹಿಳಾ ಸ್ನೇಹಿ ಗ್ರಾಮ’ ಎಂಬ ಹೆಸರುಗಳನ್ನು ನೀವೂ ಕೇಳಿರಬಹುದು. ಆದರೆ ಒಳಗಿನ ಲೆಕ್ಕವನ್ನು ಬಿಡಿಸಿ ಹೇಳುವವರು ಕಡಿಮೆ. ಆ ತಾಯಿಗೆ ಹೇಳಬೇಕಿದ್ದ ಉತ್ತರವನ್ನೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಗುರಿ, ಗಡುವು, ಟೇಪು

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ದೇಶಗಳು ಸೇರಿ 17 ಗುರಿಗಳನ್ನು ಒಪ್ಪಿಕೊಂಡವು. 2030ರ ಹೊತ್ತಿಗೆ ಮುಟ್ಟಬೇಕು ಎಂಬುದು ಗಡುವು. ಆ 17ರ ಒಳಗೆ 169 ಉಪಗುರಿಗಳಿವೆ. ಹೆಚ್ಚಿನ ಉಪಗುರಿಗಳಿಗೆ ಒಂದೋ ಎರಡೋ ಅಳತೆಗಳು.

ಮನೆ ಕಟ್ಟುವುದನ್ನು ನೆನೆಸಿಕೊಳ್ಳಿ. ‘ಈ ವರ್ಷ ಗೃಹಪ್ರವೇಶ ಆಗಬೇಕು’ ಎಂಬುದು ಗುರಿ. ‘ಯುಗಾದಿಗೆ ಪಾಯ, ದಸರಾಕ್ಕೆ ಸಜ್ಜಾ’ ಎಂಬುದು ಉಪಗುರಿ. ಮೇಸ್ತ್ರಿ ಸೊಂಟದಲ್ಲಿರುವ ಟೇಪು ಅಳತೆ. ಮೂರನೇ ಗುರಿ ಆರೋಗ್ಯದ್ದು. ಅದರಲ್ಲಿ 3.7 ಎಂಬ ಉಪಗುರಿ ಹೇಳುವುದಿಷ್ಟು: ಕುಟುಂಬ ಯೋಜನೆ, ಅದರ ತಿಳಿವಳಿಕೆ, ಬಸುರಿ-ಹೆರಿಗೆಗೆ ಸಂಬಂಧಪಟ್ಟ ಆರೋಗ್ಯ ಸೇವೆ ಎಲ್ಲರ ಕೈಗೂ ಸಿಗಬೇಕು. ಸಿಕ್ಕಿದೆಯೋ ಇಲ್ಲವೋ ಎಂದು ನೋಡಲು ಇಟ್ಟಿರುವ ಎರಡು ಟೇಪುಗಳಲ್ಲಿ ಒಂದೇ ಹದಿಹರೆಯದ ಜನನ ದರ.

ಇಲ್ಲಿ ಬಹಳ ಜನ ಎಡವುತ್ತಾರೆ. ಹುಡುಗಿಯರ ನಡತೆಯನ್ನು ಅಳೆಯುವ ಲೆಕ್ಕ ಇದು ಅಂದುಕೊಳ್ಳುತ್ತಾರೆ. ಅದನ್ನು ಇಟ್ಟಿರುವ ಜಾಗವನ್ನೇ ನೋಡಿ: ಸೇವೆ ಸಿಕ್ಕಿತೇ ಎಂಬ ಪ್ರಶ್ನೆಯ ಕೆಳಗೆ. ಅಂದರೆ ಅಳತೆಗೆ ನಿಂತಿರುವುದು ಆ ಹುಡುಗಿಯ ಸುತ್ತಲಿನ ಊರು, ಆಸ್ಪತ್ರೆ, ಶಾಲೆ. ಇನ್ನೊಂದು ಮಾತು: ಈ ದರ ಇಷ್ಟಕ್ಕೆ ಇಳಿಯಲೇಬೇಕು ಎಂಬ ಒಂದೇ ಅಂಕಿಯನ್ನು ಪ್ರಪಂಚಕ್ಕೆಲ್ಲ ಗೊತ್ತುಮಾಡಿಲ್ಲ. ಇಳಿಯುತ್ತಿದೆಯೇ, ಎಲ್ಲಿ ನಿಂತುಹೋಗಿದೆ ಎಂಬುದನ್ನು ನೋಡುತ್ತಾರೆ.

ಲೆಕ್ಕ ಹಾಕುವುದು ಹೇಗೆ?

ಸುಲಭವಾಗಿದೆ. ಒಂದು ಹೋಬಳಿಯಲ್ಲಿ 15ರಿಂದ 19 ವರ್ಷದ ಹುಡುಗಿಯರು 2,000 ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಆ ವರ್ಷ ಅವರಿಗೆ 60 ಮಕ್ಕಳು ಹುಟ್ಟಿದವು. 60ನ್ನು 2,000ದಿಂದ ಭಾಗಿಸಿ, ಸಾವಿರದಿಂದ ಗುಣಿಸಿ. 30 ಬರುತ್ತದೆ. ಆ ಹೋಬಳಿಯ ದರ ಸಾವಿರಕ್ಕೆ 30.

ಮದುವೆಯಾದವರು, ಆಗದವರು, ಕಾಲೇಜಿಗೆ ಹೋಗುವವರು, ಗಾರ್ಮೆಂಟ್ಸಿಗೆ ಹೋಗುವವರು ಎಲ್ಲರೂ ಆ 2,000ದಲ್ಲಿ ಸೇರುತ್ತಾರೆ. 10ರಿಂದ 14 ವರ್ಷದವರಿಗೆ ಬೇರೆಯೇ ಲೆಕ್ಕ. ಅಲ್ಲಿ ಅಂಕಿ ತೀರಾ ಚಿಕ್ಕದು. ಹಾಗಂತ ಬಿಡುವಂತಿಲ್ಲ. ಏಳನೇ ಕ್ಲಾಸಿನ ಮಗು ಹೆರಿಗೆ ವಾರ್ಡಿನಲ್ಲಿದೆ ಎಂದರೆ, ಅದು ಒಂದೇ ಇದ್ದರೂ ಒಂದು ಜಾಸ್ತಿಯೇ.

ಈಗ ಗೊಂದಲ ಹುಟ್ಟಿಸುವ ಇನ್ನೊಂದು ಅಂಕಿಗೆ ಬರೋಣ. ಪತ್ರಿಕೆಗಳಲ್ಲಿ ಒಮ್ಮೆ ‘ಸಾವಿರಕ್ಕೆ 43’ ಅಂತ ಬರುತ್ತದೆ, ಇನ್ನೊಮ್ಮೆ ‘ಶೇಕಡಾ 6.8’ ಅಂತ. ಎರಡೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಅಂಕಿಗಳೇ, ಎರಡೂ ಇಡೀ ದೇಶದವು. ಹಾಗಾದರೆ ಯಾವುದು ನಿಜ?

ನಮಗೆ ಇದು ಬೇಗ ಅರ್ಥವಾಗಬೇಕು, ಯಾಕೆಂದರೆ ಮಳೆಗಾಲದಲ್ಲಿ ನಾವು ದಿನಾ ಬೆಳಗ್ಗೆ ಪೇಪರಿನಲ್ಲಿ ಕೆಆರ್‌ಎಸ್ ನೋಡುತ್ತೇವೆ. ಅಲ್ಲೂ ಎರಡು ಅಂಕಿ ಇರುತ್ತವೆ. ಒಳಹರಿವು ಇಷ್ಟು ಕ್ಯೂಸೆಕ್, ನೀರಿನ ಮಟ್ಟ ಇಷ್ಟು ಅಡಿ, ಗರಿಷ್ಠ 124.80. ಒಳಹರಿವು ಅಂದರೆ ಈಗ ಬರುತ್ತಿರುವುದು. ಮಟ್ಟ ಅಂದರೆ ಇಲ್ಲಿಯವರೆಗೆ ಸೇರಿ ನಿಂತಿರುವುದು. ‘ಸಾವಿರಕ್ಕೆ 43’ ಒಳಹರಿವಿನ ಥರ: ಸಮೀಕ್ಷೆಗೆ ಹಿಂದಿನ ಮೂರು ವರ್ಷದಲ್ಲಿ, ವರ್ಷಕ್ಕೆ ಸರಾಸರಿ ಎಷ್ಟು ಹೆರಿಗೆ ಆಯಿತು ಎಂದು ಹೇಳುತ್ತದೆ. ‘ಶೇಕಡಾ 6.8’ ಮಟ್ಟದ ಥರ: ಸಮೀಕ್ಷೆಯ ದಿನ 15–19ರ ಹುಡುಗಿಯರಲ್ಲಿ ಆಗಲೇ ತಾಯಿಯಾಗಿದ್ದವರು ಅಥವಾ ಬಸುರಿಯಾಗಿದ್ದವರು ಎಷ್ಟು ಎಂದು ಹೇಳುತ್ತದೆ. ಕ್ಯೂಸೆಕ್‌ ಅನ್ನು ಅಡಿಯ ಜೊತೆ ಹೋಲಿಸಿದರೆ ಹೇಗೆ ತಪ್ಪಾಗುತ್ತದೋ ಇವೆರಡನ್ನು ಹೋಲಿಸಿದರೂ ಹಾಗೇ.

ಜನನ ನೋಂದಣಿಯ ಲೆಕ್ಕ, ಮನೆಮನೆ ಸಮೀಕ್ಷೆ, ಆಯ್ದ ಜಾಗಗಳಲ್ಲಿ ಮಾತ್ರ ಹುಟ್ಟು-ಸಾವು ಬರೆದಿಡುವ ಮಾದರಿ ನೋಂದಣಿ ಹೀಗೆ ಮೂಲ ಬೇರೆಯಾದರೂ ಅಂಕಿ ಬದಲಾಗುತ್ತದೆ. ಆದ್ದರಿಂದ ಹೋಲಿಸುವಾಗ ಒಂದೇ ಮೂಲದ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಇಟ್ಟು ನೋಡುವುದು ಒಳ್ಳೆಯದು. ಹಾಗೆ ನೋಡಿದರೆ, ದೇಶದಲ್ಲಿ ಹದಿಹರೆಯದಲ್ಲೇ ತಾಯ್ತನಕ್ಕೆ ಬಂದವರು 2005–06ರಲ್ಲಿ ಶೇಕಡಾ 16 ಇದ್ದರು, 2015–16ರಲ್ಲಿ 7.9ಕ್ಕೆ ಇಳಿದರು, ಆಮೇಲೆ 6.8. ಮೊದಲ ಹತ್ತು ವರ್ಷದ ಇಳಿತ ದೊಡ್ಡದು. ಆಮೇಲಿನದು ನಿಧಾನ.

ಮೈನೆರೆದ ಮಾತ್ರಕ್ಕೆ ಮೈ ಸಿದ್ಧವಾಗಿರುವುದಿಲ್ಲ

ನಮ್ಮ ಕಡೆ ಹುಡುಗಿ ದೊಡ್ಡವಳಾದಳು ಅಂದರೆ ಆರತಿ ಎತ್ತುತ್ತೇವೆ, ಚಿಗಳಿ ಮಾಡುತ್ತೇವೆ, ನೆಂಟರನ್ನು ಕರೆಯುತ್ತೇವೆ. ‘ದೊಡ್ಡವಳು’ ಎಂಬ ಆ ಮಾತೇ ಸ್ವಲ್ಪ ಮೋಸ ಮಾಡುತ್ತದೆ. ಮುಟ್ಟು ಶುರುವಾದ ಮೇಲೂ ಸೊಂಟದ ಮೂಳೆಯ ಕಟ್ಟು ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಮಗು ಹೊರಬರುವ ದಾರಿ ಅದೇ. ಅದು ಕಿರಿದಾಗಿದ್ದಾಗ ಹೆರಿಗೆ ಕಷ್ಟವಾಗುತ್ತದೆ, ಮಗು ಸಿಕ್ಕಿಹಾಕಿಕೊಳ್ಳಬಹುದು.

ಊಟದ್ದು ಇನ್ನೊಂದು ಮಾತು. ಬೆಳೆಯುವ ಹುಡುಗಿಗೆ ತನಗೇ ಕಬ್ಬಿಣದ ಅಂಶ, ಕ್ಯಾಲ್ಸಿಯಂ ಬೇಕು. ಒಳಗಿರುವ ಮಗುವಿಗೂ ಅದೇ ಬೇಕು. ಒಂದೇ ತಟ್ಟೆಯಲ್ಲಿ ಇಬ್ಬರು ಬೆಳೆಯುವವರು. ಅದೇ 2019–21ರ ಸಮೀಕ್ಷೆಯ ಪ್ರಕಾರ ದೇಶದ 15–19ರ ಹುಡುಗಿಯರಲ್ಲಿ ಶೇಕಡಾ 59 ಜನರಿಗೆ ರಕ್ತಹೀನತೆ ಇದೆ. ಬಸುರಿಯಾಗುವ ಮೊದಲೇ ರಕ್ತ ಕಡಿಮೆ ಎಂದಾಯಿತು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, 20–24ರ ತಾಯಂದಿರಿಗೆ ಹೋಲಿಸಿದರೆ 10–19ರ ತಾಯಂದಿರಿಗೆ ಬಿಪಿ ಏರಿ ಫಿಟ್ಸ್ ಬರುವ ಅಪಾಯ ಜಾಸ್ತಿ. ಹೆರಿಗೆಯಾದ ಮೇಲೆ ಗರ್ಭಕೋಶಕ್ಕೆ ಸೋಂಕು ತಗಲುವ ಅಪಾಯವೂ ಜಾಸ್ತಿ. ಅವರ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು ಹೆಚ್ಚು. “ನಮ್ಮಜ್ಜಿ ಹದಿನೈದಕ್ಕೇ ಹೆತ್ತಿದ್ರು, ಗಟ್ಟಿಯಾಗಿದ್ರಲ್ಲ” ಎನ್ನುವವರು ಎಲ್ಲ ಮನೆಯಲ್ಲೂ ಇದ್ದಾರೆ. ಗಟ್ಟಿಯಾಗಿ ಉಳಿದ ಅಜ್ಜಿಯ ಕಥೆ ನಮಗೆ ಗೊತ್ತು. ಉಳಿಯದವರ ಕಥೆ ಹೇಳಲು ಮೊಮ್ಮಕ್ಕಳೇ ಇಲ್ಲ.

ಕಡಿಮೆ ಮಕ್ಕಳು ಬೇರೆ, ತಡವಾಗಿ ಮಕ್ಕಳು ಬೇರೆ

ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಜೀವಮಾನದಲ್ಲಿ ಸರಾಸರಿ 1.7 ಮಕ್ಕಳು. ಇದೂ 2019–21ರ ಲೆಕ್ಕ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತೂ ಹಳೆಯದಾಯಿತು, ಈಗ ಎಷ್ಟೋ ಮನೆಯಲ್ಲಿ ಒಂದೇ ಮಗು. ಇದನ್ನು ನೋಡಿ “ನಮ್ಮಲ್ಲಿ ಆ ಸಮಸ್ಯೆ ಮುಗೀತು” ಅಂತ ಹೇಳುವವರಿದ್ದಾರೆ. ಆದರೆ ಅದೇ ಸಮೀಕ್ಷೆಯಲ್ಲಿ, ಕರ್ನಾಟಕದ 20–24 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 21ರಷ್ಟು ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದು ವರ್ಷದ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಐದು ಜನರಲ್ಲಿ ಒಬ್ಬಳು.

ಎರಡೂ ಒಟ್ಟಿಗೆ ಹೇಗೆ ನಿಜ? ಒಂದು ಮಾಮೂಲಿ ಬದುಕನ್ನು ನೋಡಿ. ಹದಿನೇಳಕ್ಕೆ ಮದುವೆ, ಸೋದರಮಾವನಿಗೋ ಅತ್ತೆ ಮಗನಿಗೋ. ಮದುವೆಯಾಗಿ ಮೂರು ತಿಂಗಳಿಗೇ “ಏನಾದ್ರೂ ವಿಶೇಷನಾ?” ಎಂಬ ಪ್ರಶ್ನೆ. ಹದಿನೆಂಟಕ್ಕೆ ಮೊದಲ ಮಗು, ಇಪ್ಪತ್ತೊಂದಕ್ಕೆ ಎರಡನೆಯದು, ಅದೇ ಸಲ ಆಪರೇಷನ್. ಲೆಕ್ಕದಲ್ಲಿ ಎರಡೇ ಮಕ್ಕಳು. ಜನಸಂಖ್ಯೆಯ ಪಟ್ಟಿಯಲ್ಲಿ ಆಕೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಅವಳ ಹದಿಹರೆಯ ಪೂರ್ತಿ ಹೆರಿಗೆ-ಬಾಣಂತನಕ್ಕೇ ಹೋಯಿತು.

ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆ ಅಂದರೆ ಹೆಚ್ಚಿನವರಿಗೆ ಹೆಂಗಸರ ಆಪರೇಷನ್ನೇ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದನ್ನು ಮಾಡಿಸಿಕೊಂಡಿದ್ದಾರೆ. ಆಪರೇಷನ್ ನಿಲ್ಲಿಸುವ ದಾರಿ. ಮೊದಲ ಮಗುವನ್ನು ಮುಂದೂಡಲು ಅದು ಆಗುವುದಿಲ್ಲ. ಮುಂದೂಡಲು ನಿರೋಧ್ ಇದೆ, ಮಾಲಾ-ಎನ್ ಮಾತ್ರೆ ಇದೆ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ತೆಗೆದುಕೊಳ್ಳುವ ಛಾಯಾ ಮಾತ್ರೆ ಇದೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಇಂಜೆಕ್ಷನ್ ಇದೆ. ಸರ್ಕಾರಿ ವ್ಯವಸ್ಥೆಯಲ್ಲಿ ಇವು ಪುಕ್ಕಟೆ. ಆದರೆ ಹೊಸದಾಗಿ ಮದುವೆಯಾದ ಹುಡುಗಿ ಅತ್ತೆಯ ಎದುರು ಇದನ್ನು ಕೇಳುವುದು ಹೇಗೆ? ಆಶಾ ಕಾರ್ಯಕರ್ತೆಯ ಹತ್ತಿರ ಒಬ್ಬಳೇ ಮಾತಾಡುವ ಹೊತ್ತಾದರೂ ಸಿಗಬೇಕಲ್ವಾ? 3.7ರಲ್ಲಿ ‘ಸೇವೆ ಎಲ್ಲರ ಕೈಗೂ ಸಿಗಬೇಕು’ ಎಂದಿರುವುದು ಇಂಥ ಜಾಗದಲ್ಲಿ ಅರ್ಥವಾಗುತ್ತದೆ. ಮಾತ್ರೆ ಪಿಎಚ್‌ಸಿಯ ಕಪಾಟಿನಲ್ಲಿದ್ದರೆ ಸಾಲದು.

ಭಾರತದಲ್ಲಿ ಹದಿಹರೆಯದ ಹೆರಿಗೆ ಬಹುಪಾಲು ಮದುವೆಯ ಒಳಗೇ ಆಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಹಾಗಿಲ್ಲ. ಆದ್ದರಿಂದ ಅಲ್ಲಿನ ಮದ್ದು ಇಲ್ಲಿಗೆ ಹಾಗೇ ಒಗ್ಗುವುದಿಲ್ಲ. ನಮ್ಮಲ್ಲಿ ಈ ದರದ ಬೇರು ಮದುವೆಯ ವಯಸ್ಸಿನಲ್ಲಿದೆ. ಬಾಲ್ಯವಿವಾಹವನ್ನು ನಿಲ್ಲಿಸುವುದು ಐದನೇ ಗುರಿಯ 5.3 ಎಂಬ ಉಪಗುರಿ. ಅದರ ಅಳತೆಯನ್ನು 20–24ರವರನ್ನು ಕೇಳಿ ತೆಗೆದುಕೊಳ್ಳುತ್ತಾರೆ. ಇವತ್ತು ಹದಿನಾರರ ಹುಡುಗಿಗೆ ಮದುವೆ ಆಗಿಲ್ಲ ಅಂದರೆ ಮುಂದಿನ ಶ್ರಾವಣಕ್ಕೆ ಆಗುವುದಿಲ್ಲ ಎಂದು ಹೇಳಲಾಗದು. ಭತ್ತದ ಇಳುವರಿಯನ್ನು ಕೊಯ್ಲು ಮುಗಿದ ಮೇಲೆ ತಾನೇ ಹೇಳುವುದು?

ಹತ್ತನೇ ಕ್ಲಾಸಿನ ಆಚೆಯ ನಾಲ್ಕು ಕಿಲೋಮೀಟರ್

ಓದಿಗೂ ಈ ದರಕ್ಕೂ ಇರುವ ನಂಟು ಬಹಳ ಗಟ್ಟಿ. 2019–21ರ ಸಮೀಕ್ಷೆಯಲ್ಲಿ ಶಾಲೆಗೇ ಹೋಗದ 15–19ರ ಹುಡುಗಿಯರಲ್ಲಿ ಶೇಕಡಾ 18ರಷ್ಟು ಜನ ತಾಯ್ತನಕ್ಕೆ ಬಂದಿದ್ದರು. ಹನ್ನೆರಡನೇ ಕ್ಲಾಸು ಅಥವಾ ಅದಕ್ಕಿಂತ ಹೆಚ್ಚು ಓದಿದವರಲ್ಲಿ ಶೇಕಡಾ 4.

ಯಾಕೆ? ಓದಿದವಳಿಗೆ ತಿಳಿವಳಿಕೆ ಬರುತ್ತದೆ ಎಂಬುದು ಅರ್ಧ ಉತ್ತರ. ಇನ್ನರ್ಧ ತೀರಾ ಸರಳ. ಯೂನಿಫಾರಂ ಹಾಕಿಕೊಂಡು ಬಸ್ಸಿಗೆ ಕಾಯುತ್ತಿರುವ ಹುಡುಗಿಯನ್ನು ಊರು ‘ಓದೋ ಹುಡುಗಿ’ ಅನ್ನುತ್ತದೆ. ಮನೆಯಲ್ಲಿ ಕೂತವಳನ್ನು ‘ಮದುವೆಗೆ ಬಂದಿರೋ ಹುಡುಗಿ’ ಅನ್ನುತ್ತದೆ. ವಯಸ್ಸು ಇಬ್ಬರದ್ದೂ ಒಂದೇ.

ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14ರವರೆಗೆ ಮಾತ್ರ ಇದೆ. ಪ್ರೌಢಶಾಲೆ ಹತ್ತಿರದಲ್ಲೇ ಸಿಗಬಹುದು, ಪಿಯು ಕಾಲೇಜು ಇನ್ನೂ ದೂರ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯ ಹೋಯಿತು ಅಂದರೆ, ಅಥವಾ ಸಂಜೆ ಬಸ್ಸು ಇಳಿದು ನಾಲ್ಕು ಕಿಲೋಮೀಟರ್ ಕಬ್ಬಿನ ಗದ್ದೆಯ ನಡುವೆ ನಡೆಯಬೇಕು ಅಂದರೆ, ಅಲ್ಲಿಗೆ ಓದು ನಿಲ್ಲುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ಬಸ್ಸು ಊರಿನ ಒಳಗೆ ಬರಬೇಕು, ಕತ್ತಲಾಗುವ ಮೊದಲು ಬರಬೇಕು. ನಾಲ್ಕನೇ ಗುರಿಯಾದ ಶಿಕ್ಷಣಕ್ಕೂ ಮೂರನೇ ಗುರಿಯಾದ ಆರೋಗ್ಯಕ್ಕೂ ನಡುವೆ ಇರುವ ಗಂಟು ಇಂಥದ್ದೇ. ಸಾರಿಗೆ ವೇಳಾಪಟ್ಟಿ ಬರೆಯುವವರಿಗೆ ತಾವು ಹೆರಿಗೆ ದರವನ್ನೂ ಬರೆಯುತ್ತಿದ್ದೇವೆ ಎಂಬುದು ಗೊತ್ತಿರಲಿಕ್ಕಿಲ್ಲ.

ಕಾನೂನು ಏನು ಹೇಳುತ್ತದೆ, ಮನೆಯವರು ಯಾಕೆ ಬಚ್ಚಿಡುತ್ತಾರೆ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ದೇಶದ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗಬೇಕು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಮದುವೆ ಶುರುವಿನಿಂದಲೇ ಮದುವೆಯಲ್ಲ ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟು, ಗಂಡನೇ ಆದರೂ 18ರ ಒಳಗಿನ ಹೆಂಡತಿಯ ಜೊತೆಗಿನ ದೈಹಿಕ ಸಂಬಂಧ ಅತ್ಯಾಚಾರವೇ ಎಂದು ಹೇಳಿ, ಕರ್ನಾಟಕದ ಈ ದಾರಿಯನ್ನು ಮೆಚ್ಚಿಕೊಂಡಿತು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳೇ. ಅಂಥ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮಗುವನ್ನು ಕಾಪಾಡುವುದಕ್ಕೆ ಇರುವ ನಿಯಮ ಇದು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕೇಸಿನ ಭಯಕ್ಕೆ ಮನೆಯವರು ತಾಯಿ ಕಾರ್ಡ್ ಮಾಡಿಸುವುದಿಲ್ಲ, ಇಲ್ಲವೇ ವಯಸ್ಸು ಹತ್ತೊಂಬತ್ತು ಅಂತ ಬರೆಸುತ್ತಾರೆ. ಎಲ್ಲರಿಗಿಂತ ಹೆಚ್ಚು ತಪಾಸಣೆ ಬೇಕಾದವಳು ಎಲ್ಲರಿಗಿಂತ ತಡವಾಗಿ ಆಸ್ಪತ್ರೆಗೆ ಬರುತ್ತಾಳೆ. ಲೆಕ್ಕದಲ್ಲೂ ಕೆಲವರು ತಪ್ಪಿಹೋಗುತ್ತಾರೆ.

2022ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಇಕ್ಕಟ್ಟನ್ನು ಸ್ವಲ್ಪ ಸಡಿಲಿಸಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಬಳಿಕ ಅಪ್ರಾಪ್ತೆಯರಿಗೆ 24 ವಾರದವರೆಗೂ ಕಾನೂನುಬದ್ಧ ಗರ್ಭಪಾತಕ್ಕೆ ಅವಕಾಶ ಇದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಪೋಷಕರ ಒಪ್ಪಿಗೆ ಮಾತ್ರ ಎಷ್ಟೇ ವಾರವಾಗಿದ್ದರೂ ಬೇಕು. ಇದು ಗೊತ್ತಿಲ್ಲದೆ ಸಿಕ್ಕಸಿಕ್ಕ ಮಾತ್ರೆ ನುಂಗಿ ಪ್ರಾಣಕ್ಕೆ ತಂದುಕೊಳ್ಳುವುದು ತಪ್ಪಬೇಕು.

ಮೈಸೂರಿಗೆ ಈ ಮಾತು ಹೊಸದಲ್ಲ

‘ಇವೆಲ್ಲ ಹೊರದೇಶದವರು ಹೇರಿದ್ದು’ ಎಂಬ ಮಾತು ಆ ಸಭೆಯಲ್ಲೇ ಕೇಳಿಬಂತು. ನಮ್ಮ ಇತಿಹಾಸ ಬೇರೆ ಹೇಳುತ್ತದೆ. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಕಾನೂನು ತಂದಿತು. ಎಂಟು ವರ್ಷದ ಒಳಗಿನ ಹೆಣ್ಣುಮಗುವಿನ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಎಂಟು ವರ್ಷ ಎಂಬುದು ಇವತ್ತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವತ್ತಿಗೆ ಅದೇ ದೊಡ್ಡ ಹೆಜ್ಜೆ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದು ಹದಿನಾಲ್ಕು ಆಗಿದ್ದು 1929ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಹದಿನೈದು, 1978ರಲ್ಲಿ ಹದಿನೆಂಟು.

1930ರಲ್ಲಿ ಮೈಸೂರು ಸರ್ಕಾರ ಜನನ ನಿಯಂತ್ರಣದ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು ಸರ್ಕಾರವೇ ಇಂಥ ಕ್ಲಿನಿಕ್ ತೆರೆದಿದ್ದು ಪ್ರಪಂಚದಲ್ಲೇ ಮೊದಲು ಎಂದು ಬರೆಯುತ್ತಾರೆ. 1950ರ ದಶಕದ ಮೊದಲಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲೇ ಮನೆಮನೆಗೆ ಹೋಗಿ ಹುಟ್ಟು-ಸಾವು, ಮದುವೆಯ ವಯಸ್ಸು ಕೇಳಿ ದೊಡ್ಡ ಅಧ್ಯಯನ ಮಾಡಿದವು. ಅದರ ವರದಿ 1961ರಲ್ಲಿ ಅಚ್ಚಾಯಿತು. ನಮ್ಮ ಅಜ್ಜಿಯಂದಿರು ಜಗಲಿಯಲ್ಲಿ ಕೂತು ಉತ್ತರ ಹೇಳಿದ ಲೆಕ್ಕ ಅದು.

ಸರಾಸರಿ ತುಂಬಿದ್ದರೂ ಕಾಲುವೆಯ ಕೊನೆ ಒಣಗಿರಬಹುದು

ಪ್ರಪಂಚದ ದರ 2000ದಲ್ಲಿ ಸಾವಿರಕ್ಕೆ ಸುಮಾರು 65 ಇತ್ತು. 2023ಕ್ಕೆ ಸುಮಾರು 41. ಒಳ್ಳೆಯ ಇಳಿತವೇ. ಆದರೆ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಅದು ಇನ್ನೂ ನೂರರ ಹತ್ತಿರ ಇದೆ, ಲ್ಯಾಟಿನ್ ಅಮೆರಿಕದಲ್ಲಿ ಐವತ್ತರ ಆಸುಪಾಸು. ದರ ಇಳಿದರೂ ಹೆರಿಗೆಗಳ ಸಂಖ್ಯೆ ಇಳಿಯದೇ ಇರಬಹುದು. ಆ ವಯಸ್ಸಿನ ಹುಡುಗಿಯರೇ ಜಾಸ್ತಿಯಾದರೆ, ಸಾವಿರಕ್ಕೆ ಕಡಿಮೆಯಾದರೂ ಒಟ್ಟು ಅಷ್ಟೇ ಉಳಿಯುತ್ತದೆ.

ಸರಾಸರಿಯ ಇನ್ನೊಂದು ಗುಣ ಮಳವಳ್ಳಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಅಣೆಕಟ್ಟು ಭರ್ತಿಯಾಗಿದೆ ಎಂದು ಪೇಪರಿನಲ್ಲಿ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ತಲುಪಿರುವುದಿಲ್ಲ. ರಾಜ್ಯದ ಅಂಕಿ ಚೆನ್ನಾಗಿದ್ದರೂ, ಕೂಲಿಗೆ ವಲಸೆ ಹೋಗುವ ಮನೆಯ ಹುಡುಗಿ, ಕಬ್ಬು ಕಡಿಯುವವರ ಗುಡಿಸಲಿನ ಹುಡುಗಿ, ತಾಯಿ ಇಲ್ಲದ ಹುಡುಗಿ ಆ ಕೊನೆ ಭಾಗದಲ್ಲೇ ಇರುತ್ತಾಳೆ. ಈ ಗುರಿಗಳನ್ನು ಒಪ್ಪಿಕೊಂಡಾಗ ದೇಶಗಳು ‘ಯಾರನ್ನೂ ಹಿಂದೆ ಬಿಡುವುದಿಲ್ಲ’ ಎಂದು ಮಾತು ಕೊಟ್ಟಿವೆ. ಅದಕ್ಕೇ ಪಂಚಾಯಿತಿ ಮಟ್ಟದಲ್ಲಿ ಎಣಿಸಬೇಕು ಎನ್ನುವುದು.

ಎಲ್ಲಿ ಕೇಳಬೇಕು

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ‘ಸ್ನೇಹ ಕ್ಲಿನಿಕ್’ ಇರುತ್ತದೆ. ಮುಟ್ಟಿನ ತೊಂದರೆಯಿಂದ ಹಿಡಿದು ಮನಸ್ಸಿನ ಕಷ್ಟದವರೆಗೆ ಅಲ್ಲಿ ಕೇಳಬಹುದು. ಮದುವೆ ನಿಶ್ಚಯವಾಗಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ಆ ಹುಡುಗಿಯೇ ಮಾಡಬಹುದು. ದುಡ್ಡು ಹೋಗುವುದಿಲ್ಲ. ಅಂಗನವಾಡಿ ಟೀಚರ್ ಮೂಲಕ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೂ ತಿಳಿಸಬಹುದು.

ಸಭೆ ಮುಗಿದ ಮೇಲೆ ಆ ತಾಯಿ ತನ್ನ ಮಗಳನ್ನು ಕರೆದು ನನಗೆ ತೋರಿಸಿದರು. ಎರಡು ಜಡೆ, ಮಾತು ಕಡಿಮೆ. 2013ರಲ್ಲಿ ಹುಟ್ಟಿದವಳಂತೆ. 2030ಕ್ಕೆ ಅವಳಿಗೆ ಹದಿನೇಳು. ಗೋಡೆಯ ಮೇಲಿನ ಆ ಗುರಿಗಳ ಕೊನೆಯ ಲೆಕ್ಕದಲ್ಲಿ, ಸಾವಿರ ಹುಡುಗಿಯರಲ್ಲಿ ಒಬ್ಬಳಾಗಿ ಎಣಿಕೆಗೆ ಬರುವವಳು. ಅವಳು ಸಭೆಯಲ್ಲಿ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ: ಸಂಜೆ ಐದೂವರೆ ಬಸ್ಸು ಊರೊಳಗೆ ಬರುವುದು ಯಾವಾಗ? ಕಾರ್ಯದರ್ಶಿಯವರು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.